ಸೊಸೈಟಿಯ ದೊಡ್ಡ ದುರಸ್ತಿಗೆ ಎಲ್ಲರಿಂದ ಸಮಪಾಲು ಕೇಳುತ್ತಿದ್ದಾರೆ. ತಕರಾರು ಹೇಗೆ ಸಲ್ಲಿಸಬೇಕು?

ಪ್ರಶ್ನೆ (ಮುಲುಂಡ್ ಪೂರ್ವದ ಸದಸ್ಯ)

ನಮ್ಮದು ಮುಂಬಯಿಯ ಮುಲುಂಡ್ ಪೂರ್ವದಲ್ಲಿ 1988ರಲ್ಲಿ ಕಟ್ಟಿದ, 32 ಫ್ಲ್ಯಾಟುಗಳಿರುವ ಸಹಕಾರಿ ಗೃಹನಿರ್ಮಾಣ ಸೊಸೈಟಿ. ಕುಂದಾಪುರದಿಂದ ಬಂದ ನನ್ನ ತಂದೆಯವರು ಭವಿಷ್ಯನಿಧಿಯ ಹಣ ಹಾಕಿ ಇಲ್ಲಿ 420 ಚದರಡಿಯ ಮನೆ ಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಸದಸ್ಯತ್ವ ನನ್ನ ಹೆಸರಿಗೆ ಬಂದಿದೆ. ಕಟ್ಟಡಕ್ಕೆ 30 ವರ್ಷ ಮೀರಿದ್ದರಿಂದ ಮಹಾನಗರಪಾಲಿಕೆಯ ನಿಯಮದಂತೆ ಸ್ಟ್ರಕ್ಚರಲ್ ಆಡಿಟ್ (ಕಟ್ಟಡದ ಗಟ್ಟಿತನದ ತಪಾಸಣೆ) ನಡೆಯಿತು. ಕಟ್ಟಡವು ಸಿ-2ಬಿ ವರ್ಗಕ್ಕೆ, ಎಂದರೆ ನಿವಾಸಿಗಳನ್ನು ತೆರವುಗೊಳಿಸದೆ ದುರಸ್ತಿ ಮಾಡಬಹುದಾದ ವರ್ಗಕ್ಕೆ ಸೇರಿತು. ಸಾಮಾನ್ಯ ಸಭೆಯು 48 ಲಕ್ಷ ರೂಪಾಯಿಯ ಅಂದಾಜಿಗೆ ಒಪ್ಪಿಗೆ ಕೊಟ್ಟಿತು. ಪ್ರತಿ ಫ್ಲ್ಯಾಟಿಗೆ 1,50,000 ರೂಪಾಯಿಯಂತೆ ನಾನೂ ಕಂತಿನಲ್ಲಿ ಕಟ್ಟಿದೆ.

ಈಗ ಕೆಲಸ ಮುಗಿಯುವ ಹಂತದಲ್ಲಿ ಒಟ್ಟು ವೆಚ್ಚ 61 ಲಕ್ಷಕ್ಕೆ ಏರಿದೆ ಎಂದು ತಿಳಿಸಿ, ಹೆಚ್ಚುವರಿ 13 ಲಕ್ಷವನ್ನು ಸಮವಾಗಿ ಹಂಚಿ, ತಲಾ 40,625 ರೂಪಾಯಿ ಕಟ್ಟುವಂತೆ ಬಿಲ್ಲು ಬಂದಿದೆ. ಇದಕ್ಕಾಗಿ ಮತ್ತೊಂದು ಸಭೆ ಕರೆದಿಲ್ಲ. ನಮ್ಮಲ್ಲಿ 16 ಮನೆಗಳು 420 ಚದರಡಿಯವು, ಉಳಿದ 16 ಮನೆಗಳು 650 ಚದರಡಿಯವು. ಅವರೂ ನಾವೂ ಒಂದೇ ಮೊತ್ತ ಕೊಡುವುದು ಹೇಗೆ ಎಂದು ಕೇಳಿದರೆ, ಸರ್ವಿಸ್ ಚಾರ್ಜ್ ಎಲ್ಲರಿಗೂ ಸಮ ಎಂದು ಹೈಕೋರ್ಟೇ ಹೇಳಿದೆ ಎಂಬ ಉತ್ತರ ಬಂತು. ಬ್ಯಾಂಕಿನಲ್ಲಿ ಸಿಂಕಿಂಗ್ ಫಂಡಿನ (ಕಟ್ಟಡದ ಮುಂದಿನ ದೊಡ್ಡ ಕೆಲಸಗಳಿಗೆಂದು ಸದಸ್ಯರಿಂದ ಕೂಡಿಸಿಟ್ಟ ನಿಧಿಯ) 22 ಲಕ್ಷ ರೂಪಾಯಿ ಠೇವಣಿ ಇದೆ. ಅದನ್ನು ಮುಟ್ಟುವ ಮಾತೇ ಇಲ್ಲ. ಉತ್ತರ ಸಿಗುವವರೆಗೆ ಹಣ ಕಟ್ಟದೆ ತಡೆಹಿಡಿಯಬೇಕೆಂದು ನಿಶ್ಚಯಿಸಿದ್ದೇನೆ. ಇದು ಸರಿಯಾದ ದಾರಿಯೇ?

ಉತ್ತರ (ಬೊರಿವಲಿಯ ನಿವೃತ್ತ ಕಾರ್ಯದರ್ಶಿ)

ಹಣ ತಡೆಹಿಡಿಯುವ ಯೋಚನೆಯನ್ನು ದಯವಿಟ್ಟು ಇಂದೇ ಬಿಟ್ಟುಬಿಡಿ. ಹಲವು ವರ್ಷ ಸೊಸೈಟಿಯೊಂದರ ಲೆಕ್ಕಪತ್ರ ನೋಡಿಕೊಂಡವನಾಗಿ ಹೇಳುತ್ತಿದ್ದೇನೆ: ನ್ಯಾಯ ತಮ್ಮ ಕಡೆಗಿದ್ದ ಸದಸ್ಯರೂ ಬಾಕಿದಾರರಾದ ಒಂದೇ ಕಾರಣಕ್ಕೆ ಸೋತದ್ದನ್ನು ನೋಡಿದ್ದೇನೆ. ಬಾಕಿಯ ಮೇಲೆ ವಾರ್ಷಿಕ ಶೇ 21ರವರೆಗೆ ಸರಳ ಬಡ್ಡಿ ಹಾಕಲು ಮಾದರಿ ಉಪವಿಧಿಗಳಲ್ಲಿ (ಸೊಸೈಟಿಗಳು ಅಂಗೀಕರಿಸಿಕೊಳ್ಳಲೆಂದು ಸಹಕಾರ ಇಲಾಖೆ ರೂಪಿಸಿದ ನಿಯಮಗಳಲ್ಲಿ) ಅವಕಾಶವಿದೆ. ಅದಕ್ಕಿಂತ ಮುಖ್ಯವಾಗಿ, ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆ, 1960ಕ್ಕೆ 2019ರಲ್ಲಿ ಸೇರಿಸಿದ ಗೃಹನಿರ್ಮಾಣ ಸೊಸೈಟಿಗಳ ಅಧ್ಯಾಯದ 154ಬಿ-29ನೇ ಕಲಮಿನಂತೆ ಸೊಸೈಟಿಯು ದಾವೆ ಹೂಡದೆಯೇ ಸಹಕಾರ ಇಲಾಖೆಯ ನಿಬಂಧಕರಿಂದ (ರಿಜಿಸ್ಟ್ರಾರ್) ವಸೂಲಿ ಪ್ರಮಾಣಪತ್ರ ಪಡೆಯಬಹುದು. ಹಾಗಾಗಿ ಮೊತ್ತವನ್ನು ಚೆಕ್ಕಿನಲ್ಲೇ ಕಟ್ಟಿ, ಜೊತೆಗೆ "ನನ್ನ ತಕರಾರನ್ನು ಕಾಯ್ದಿರಿಸಿಕೊಂಡು ಈ ಪಾವತಿ ಮಾಡುತ್ತಿದ್ದೇನೆ" ಎಂದು ಪತ್ರ ಕೊಡಿ. ಪತ್ರದ ಪ್ರತಿಯ ಮೇಲೆ ಸೊಸೈಟಿಯ ಮೊಹರು, ಸಹಿ, ತಾರೀಖು ಮೂರೂ ಇರಲಿ. ಮೊಹರು ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ.

ಇನ್ನು ಸಮಪಾಲಿನ ವಿಚಾರ. ನಿಮ್ಮ ಸಮಿತಿಯವರು ಎರಡು ಬೇರೆ ಸಂಗತಿಗಳನ್ನು ಒಂದೇ ಚೀಲಕ್ಕೆ ಹಾಕಿದ್ದಾರೆ. ಕಾವಲುಗಾರರ ಸಂಬಳ, ಕಚೇರಿಯ ಖರ್ಚು, ಮೆಟ್ಟಿಲಿನ ದೀಪ, ಕಸ ಗುಡಿಸುವುದು, ಇವು ಸರ್ವಿಸ್ ಚಾರ್ಜ್. ಇವುಗಳನ್ನು ಫ್ಲ್ಯಾಟಿನ ಅಳತೆ ನೋಡದೆ ಸಮವಾಗಿ ಹಂಚಬೇಕೆಂಬುದು ನಿಜ. ಬಾಂಬೆ ಹೈಕೋರ್ಟಿನ 2002ರ ವೀನಸ್ ಸೊಸೈಟಿಯ ತೀರ್ಪನ್ನು ಎಲ್ಲರೂ ಉಲ್ಲೇಖಿಸುವುದು ಇದಕ್ಕೇ. ಆದರೆ ದೊಡ್ಡ ದುರಸ್ತಿಯ ನಿಧಿಗೆ 2014ರ ಮಾದರಿ ಉಪವಿಧಿಗಳು ಬೇರೆಯೇ ಮಾತು ಹೇಳುತ್ತವೆ: ಸಾಮಾನ್ಯ ಸಭೆ ನಿರ್ಧರಿಸಿದಾಗ, ವಿಸ್ತೀರ್ಣದ ಆಧಾರದ ಮೇಲೆ ಅದನ್ನು ಸಂಗ್ರಹಿಸಬೇಕು. ನಿಮ್ಮ ಸೊಸೈಟಿಯು ಆ ಉಪವಿಧಿಗಳನ್ನು ಅಂಗೀಕರಿಸಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಅಂಗೀಕರಿಸಿದ್ದರೆ ಲೆಕ್ಕ ಹೀಗಾಗುತ್ತದೆ: ಒಟ್ಟು ವಿಸ್ತೀರ್ಣ 17,120 ಚದರಡಿ, 48 ಲಕ್ಷವನ್ನು ಅದರಿಂದ ಭಾಗಿಸಿದರೆ ಚದರಡಿಗೆ ಸುಮಾರು 280 ರೂಪಾಯಿ. ನಿಮ್ಮ ಪಾಲು ಸುಮಾರು 1,17,800, ದೊಡ್ಡ ಮನೆಯವರದು ಸುಮಾರು 1,82,200. ಮೊದಲ ಕಂತುಗಳಲ್ಲೇ ನೀವು 32,000 ರೂಪಾಯಿಯಷ್ಟು ಹೆಚ್ಚು ಕಟ್ಟಿದ್ದೀರಿ. ಈ ಮಾತು ಎತ್ತಿದ ಕೂಡಲೇ ಎದುರು ಮನೆಯವರ ಮುಖ ಸಿಂಡರಿಸುತ್ತದೆ. ಅದಕ್ಕೆ ಸಿದ್ಧರಾಗಿರಿ, ಆದರೆ ಮೆಟ್ಟಿಲಿನ ಮೇಲೆ ವಾದಕ್ಕೆ ನಿಲ್ಲಬೇಡಿ.

ಸಿಂಕಿಂಗ್ ಫಂಡನ್ನು ಭಾರಿ ರಚನಾತ್ಮಕ ದುರಸ್ತಿಗೆ ಬಳಸಬಹುದು. ಆದರೆ ಅದಕ್ಕೆ ವಾಸ್ತುಶಿಲ್ಪಿಯ ಪ್ರಮಾಣಪತ್ರ ಹಾಗೂ ಸಾಮಾನ್ಯ ಸಭೆಯ ಠರಾವು ಬೇಕು. ಅದು ಸಭೆಯ ವಿವೇಚನೆಗೆ ಬಿಟ್ಟದ್ದು, ಒಬ್ಬ ಸದಸ್ಯ ಹಕ್ಕೆಂದು ಕೇಳುವಂಥದ್ದಲ್ಲ.

ಉತ್ತರ (ಚೆಂಬೂರಿನ ಸಿವಿಲ್ ಎಂಜಿನಿಯರ್)

ಹಂಚಿಕೆಯ ಬಗ್ಗೆ ಮೇಲಿನವರು ಹೇಳಿದ್ದಕ್ಕೆ ನನ್ನ ಒಪ್ಪಿಗೆಯಿದೆ. ನಾನು 13 ಲಕ್ಷದ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಹಳೆಯ ಕಟ್ಟಡದ ಕೆಲಸದಲ್ಲಿ ವೆಚ್ಚ ಏರಿತೆಂದ ಮಾತ್ರಕ್ಕೆ ಅದು ಮೋಸವಲ್ಲ. ಅಂದಾಜು ಮಾಡುವಾಗ ನಾವು ಸುತ್ತಿಗೆಯಿಂದ ಗೋಡೆ ತಟ್ಟಿ, ಟೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದ ಗುರುತು ಹಾಕುತ್ತೇವೆ. ಗಾರೆ ಕೆತ್ತಿದ ಮೇಲೆ, ಉಪ್ಪುಗಾಳಿಗೆ ತುಕ್ಕು ಹಿಡಿದ ಸರಳು ಉಬ್ಬಿಕೊಂಡು ಸುತ್ತಲಿನ ಕಾಂಕ್ರೀಟನ್ನು ಎಷ್ಟು ಉದ್ದಕ್ಕೆ ಸೀಳಿದೆ ಎಂಬುದು ಗೊತ್ತಾಗುತ್ತದೆ. ಹೊರಗೆ ಒಂದಡಿ ಬಿರುಕು ಕಂಡ ಕಂಬವನ್ನು ಒಳಗೆ ಆಳುದ್ದ ಬಿಡಿಸಬೇಕಾಗಿ ಬಂದದ್ದುಂಟು.

ಆದ್ದರಿಂದ "ಏಕೆ ಹೆಚ್ಚಾಯಿತು" ಎಂಬ ಸಾಮಾನ್ಯ ಪ್ರಶ್ನೆ ಕೇಳಬೇಡಿ. ಅದಕ್ಕೆ ಸಾಮಾನ್ಯ ಉತ್ತರವೇ ಸಿಗುತ್ತದೆ. ಟೆಂಡರಿನಲ್ಲಿದ್ದ ಪರಿಮಾಣಪಟ್ಟಿ, ಮೆಜರ್‌ಮೆಂಟ್ ಬುಕ್ (ಮಾಡಿದ ಕೆಲಸವನ್ನು ಅಳೆದು ಬರೆದಿಡುವ ಪುಸ್ತಕ), ಸಲಹೆಗಾರ ಎಂಜಿನಿಯರರು ಪ್ರಮಾಣೀಕರಿಸಿದ ಬಿಲ್ಲು, ಈ ಮೂರರ ಪ್ರತಿಗಳನ್ನು ಬರಹದಲ್ಲಿ ಕೇಳಿ. ಪಾಲಿಮರ್ ಗಾರೆಗೆ ಚದರ ಮೀಟರಿನ ಜೊತೆ ದಪ್ಪಕ್ಕೂ ದರವಿರುತ್ತದೆ. 25 ಮಿಲಿಮೀಟರ್ ದಪ್ಪದ ಕೆಲಸವನ್ನು 40 ಎಂದು ಬರೆದರೆ, ಗೋಡೆಗೆ ಬಣ್ಣ ಬಳಿದ ಮೇಲೆ ಯಾರಿಗೂ ಅದು ಕಾಣುವುದಿಲ್ಲ. ಅದಕ್ಕಾಗಿಯೇ ಮುಚ್ಚುವ ಮೊದಲು ಅಳೆದು, ಫೋಟೋ ತೆಗೆದು, ಗುತ್ತಿಗೆದಾರರೂ ಸಲಹೆಗಾರರೂ ಒಟ್ಟಿಗೆ ಸಹಿ ಹಾಕಬೇಕಾದದ್ದು. ಇನ್ನೊಂದು ವಿಷಯ: 48 ಲಕ್ಷದ ಅಂದಾಜಿನಲ್ಲಿ ಗುತ್ತಿಗೆದಾರರ ಶೇ 18 ಜಿಎಸ್‌ಟಿ ಸೇರಿತ್ತೇ? ಸಭೆಯಲ್ಲಿ ತೆರಿಗೆಯಿಲ್ಲದ ಅಂಕಿ ಓದಿ, ಬಿಲ್ಲಿನಲ್ಲಿ ತೆರಿಗೆ ಸೇರಿಸುವುದು ಬಹಳ ಕಡೆ ನಡೆಯುತ್ತದೆ.

ಮತ್ತೆ ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ತಕರಾರು ಕಾಯ್ದಿರಿಸಿ ಹಣ ಕಟ್ಟಿದೆ. ದಾಖಲೆಗಳನ್ನು ನೋಡುವ ಮತ್ತು ಪ್ರತಿ ಪಡೆಯುವ ಹಕ್ಕು 154ಬಿ-8ನೇ ಕಲಮಿನಲ್ಲಿ ಸದಸ್ಯರಿಗಿದೆ ಎಂದು ಅರ್ಜಿಯಲ್ಲಿ ಬರೆದ ಮೇಲೆ, ಶುಲ್ಕ ಕಟ್ಟಿಸಿಕೊಂಡು ಮೂರನ್ನೂ ಕೊಟ್ಟರು.

ಎಂಜಿನಿಯರರ ಊಹೆ ಸರಿಯಾಗಿತ್ತು. 48 ಲಕ್ಷ ಜಿಎಸ್‌ಟಿ ಇಲ್ಲದ ಮೊತ್ತ. ತೆರಿಗೆಯೇ 8,64,000 ರೂಪಾಯಿ. ಇದನ್ನು ಸಭೆಯಲ್ಲಿ ಹೇಳದಿದ್ದುದು ತಪ್ಪು, ಆದರೆ ನಾನು ಮನಸ್ಸಿನಲ್ಲಿ ಶಂಕಿಸಿದ್ದು ಅದಕ್ಕಿಂತ ದೊಡ್ಡದನ್ನು. ಉಳಿದ 4,36,000ದಲ್ಲಿ ನೆಲಮಾಳಿಗೆಯ ಕಂಬಗಳಿಗೆ ಫೋಟೋಗಳಿವೆ. ನೋಡಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಪೂರ್ವದ ಗೋಡೆಯಲ್ಲಿ 24 ಕಿಟಕಿ ಸಜ್ಜಾಗಳನ್ನು ಹೊಸದಾಗಿ ಕಟ್ಟಿದೆಯೆಂದು ಪುಸ್ತಕದಲ್ಲಿದೆ. ಬೆಳಿಗ್ಗೆ ಹಾಲು ತರುವಾಗ ಬಾದಾಮಿ ಮರದ ಕೆಳಗೆ ನಿಂತು ಎಣಿಸಿದೆ. ನಾಲ್ಕು ಅಂತಸ್ತು, ಅಂತಸ್ತಿಗೆ ನಾಲ್ಕು ಕಿಟಕಿ. ಎರಡನೆಯ ಸಲ ಎಣಿಸಿದರೂ ಹದಿನಾರೇ.

ಉತ್ತರ (ವಿಲೆಪಾರ್ಲೆಯ ಸಮಿತಿ ಸದಸ್ಯೆ)

ಸಮಿತಿಯ ಕಡೆಯಿಂದಲೂ ಒಂದು ಮಾತು. ನಾವು ಸಂಬಳವಿಲ್ಲದೆ, ಕಚೇರಿಯಿಂದ ಬಂದ ಮೇಲೆ ರಾತ್ರಿ ಈ ಕಾಗದಗಳನ್ನು ನೋಡುವವರು. ಎಂಟು ಸಜ್ಜಾಗಳ ವ್ಯತ್ಯಾಸ ಕಣ್ತಪ್ಪಿನಿಂದಲೂ ಆಗಿರಬಹುದು. ಪತ್ರದಲ್ಲಿ ಆರೋಪ ಮಾಡದೆ, ಪುಟದ ಸಂಖ್ಯೆ ನಮೂದಿಸಿ, ಜಂಟಿ ಅಳತೆಗೆ ದಿನ ಗೊತ್ತುಮಾಡಲು ಕೇಳಿ. ಕಾರ್ಯದರ್ಶಿ ಸಭೆ ಕರೆಯದಿದ್ದರೆ ಐದನೇ ಒಂದರಷ್ಟು ಸದಸ್ಯರ, ಎಂದರೆ ನಿಮ್ಮಲ್ಲಿ ಏಳು ಜನರ ಸಹಿಯಿಂದ ವಿಶೇಷ ಸಾಮಾನ್ಯ ಸಭೆಗೆ ಬೇಡಿಕೆ ಸಲ್ಲಿಸಬಹುದು. ಹೆಚ್ಚುವರಿ ವೆಚ್ಚದ ಮಂಜೂರಾತಿ, ವಿಸ್ತೀರ್ಣದಂತೆ ಮರುಹಂಚಿಕೆ, ಎರಡನ್ನೂ ಅದೇ ಕಾರ್ಯಸೂಚಿಯಲ್ಲಿ ಇಡಿಸಿ. ಅಲ್ಲೂ ಬಗೆಹರಿಯದಿದ್ದರೆ, ದಾಖಲೆ ಕೊಡದ ದೂರು ವಾರ್ಡಿನ ಉಪನಿಬಂಧಕರಿಗೆ ಹೋಗುತ್ತದೆ; ದುರಸ್ತಿಯ ವೆಚ್ಚ ಮತ್ತು ಹೆಚ್ಚು ವಸೂಲಿಯ ತಕರಾರು 91ನೇ ಕಲಮಿನಡಿ ಸಹಕಾರಿ ನ್ಯಾಯಾಲಯಕ್ಕೆ. ಈ ಎರಡು ಬಾಗಿಲುಗಳನ್ನು ಅದಲುಬದಲು ಮಾಡಿಕೊಂಡು ವರ್ಷ ಕಳೆದವರಿದ್ದಾರೆ.

ಉತ್ತರ (ಚೆಂಬೂರಿನ ಸಿವಿಲ್ ಎಂಜಿನಿಯರ್)

ಗುತ್ತಿಗೆದಾರರ ಬಿಲ್ಲಿನಿಂದ ಸಾಮಾನ್ಯವಾಗಿ ಶೇ 5ರಷ್ಟನ್ನು ಖಾತರಿ ಅವಧಿ ಮುಗಿಯುವವರೆಗೆ ತಡೆದಿಟ್ಟಿರುತ್ತಾರೆ. ಸಜ್ಜಾಗಳ ಲೆಕ್ಕ ತೀರುವವರೆಗೆ ಅದನ್ನು ಬಿಡುಗಡೆ ಮಾಡಬಾರದೆಂದು ಇಂದೇ ಬರೆದುಕೊಡಿ. ಪೂರ್ವದ ಗೋಡೆಯ ಸಾರುವೆಯನ್ನು ಇನ್ನೂ ಬಿಚ್ಚಿಲ್ಲವೇ?

ಮತ್ತೆ ಪ್ರಶ್ನೆ ಕೇಳಿದವರು

ಇನ್ನೂ ಇದೆ. ಶನಿವಾರ ಬಿಚ್ಚುವುದೆಂದು ಫಲಕ ಹಾಕಿದ್ದಾರೆ. ಶುಕ್ರವಾರ ಬೆಳಿಗ್ಗೆ ಏಳೂವರೆಗೆ ಜಂಟಿ ಅಳತೆ ನಡೆಸಲು ಕಾರ್ಯದರ್ಶಿಯವರು ಒಪ್ಪಿದ್ದಾರೆ; ದೊಡ್ಡ ಮನೆಯವರ ಪೈಕಿ ಇಬ್ಬರು ತಾವೂ ಬರುವುದಾಗಿ ತಿಳಿಸಿದ್ದಾರೆ. ಟೇಪು ನಾನು ತರುತ್ತೇನೆ. ಸಭೆಯ ಬೇಡಿಕೆಪತ್ರಕ್ಕೆ ಈವರೆಗೆ ಐದು ಸಹಿಗಳಾಗಿವೆ.