ಸ್ಥಿರ ಪುಟಗಳೂ ಬ್ಲಾಗೂ ಇರುವ ಜಾಲತಾಣಕ್ಕೆ ಸೈಟ್‌ಮ್ಯಾಪ್ ಒಂದು ಸಾಕೇ, ಎರಡು ಬೇಕೇ?

ಪ್ರಶ್ನೆ

ನಮಸ್ಕಾರ. ನಮ್ಮ ತಾಲ್ಲೂಕಿನ ಶಾಸನ ಮತ್ತು ವೀರಗಲ್ಲುಗಳ ವಿವರ ನೀಡುವ ಕನ್ನಡ ಜಾಲತಾಣವೊಂದನ್ನು ನೋಡಿಕೊಳ್ಳುತ್ತಿದ್ದೇನೆ. ಮುಖ್ಯ ಪುಟಗಳನ್ನು ಕೈಯಾರೆ ಎಚ್‌ಟಿಎಂಎಲ್‌ನಲ್ಲಿ ಬರೆಯಲಾಗಿದೆ. ಅದೇ ಡೊಮೇನ್‌ನ ಉಪಫೋಲ್ಡರ್ ಒಂದರಲ್ಲಿ ವರ್ಡ್‌ಪ್ರೆಸ್ ಬ್ಲಾಗ್ ಇದ್ದು, ಕ್ಷೇತ್ರಕಾರ್ಯದ ಲೇಖನಗಳು ಅಲ್ಲಿ ಪ್ರಕಟವಾಗುತ್ತವೆ. ಹಲವು ಶಾಸನಗಳ ಪುಟಗಳು ಗೂಗಲ್‌ನಲ್ಲಿ ಹುಡುಕಿದರೆ ಸಿಗುತ್ತಿಲ್ಲ. ಪುಟಗಳ ವಿಳಾಸಗಳನ್ನು ಹುಡುಕುಯಂತ್ರಗಳಿಗೆ ತಿಳಿಸುವ ಸೈಟ್‌ಮ್ಯಾಪ್ ಕಡತ ಒಂದರಲ್ಲೇ ಎಲ್ಲವನ್ನೂ ಸೇರಿಸಬೇಕೇ? ಲೇಖನ ಬಂದಾಗಲೆಲ್ಲ ಕಡತವನ್ನು ತಿದ್ದುವ ಕೆಲಸ ತಪ್ಪಿಸಲು ಸಾಧ್ಯವೇ?

ಉತ್ತರ 1

ಬೇರೆ ಬೇರೆ ಇಡುವುದೇ ಒಳ್ಳೆಯದು. 2020ರ ಆಗಸ್ಟ್‌ನಲ್ಲಿ ಬಂದ 5.5ನೇ ಆವೃತ್ತಿಯಿಂದೀಚೆಗೆ ವರ್ಡ್‌ಪ್ರೆಸ್ ಯಾವ ಪ್ಲಗಿನ್ ಇಲ್ಲದೆಯೂ ತನ್ನ ಸೈಟ್‌ಮ್ಯಾಪನ್ನು ತಾನೇ ತಯಾರಿಸುತ್ತದೆ, ಹೊಸ ಲೇಖನಗಳನ್ನೂ ತಾನೇ ಸೇರಿಸಿಕೊಳ್ಳುತ್ತದೆ. ಆದ್ದರಿಂದ ನೀವು ಬರೆಯಬೇಕಾದದ್ದು ಸ್ಥಿರ ಪುಟಗಳ ಕಡತವೊಂದನ್ನೇ. ಅದು ಡೊಮೇನ್‌ನ ಮೂಲ ಫೋಲ್ಡರ್‌ನಲ್ಲಿರಲಿ, ಏಕೆಂದರೆ ಉಪಫೋಲ್ಡರ್‌ನಲ್ಲಿಟ್ಟ ಸೈಟ್‌ಮ್ಯಾಪ್ ಆ ಫೋಲ್ಡರ್‌ನ ಮತ್ತು ಅದರ ಒಳಗಿನ ವಿಳಾಸಗಳನ್ನಷ್ಟೇ ಹೇಳಬೇಕೆಂಬುದು ನಿಯಮ. ಒಂದು ಕಡತಕ್ಕೆ 50,000 ವಿಳಾಸಗಳು, 50 ಎಂಬಿ ಎಂಬ ಮಿತಿಯ ಚಿಂತೆ ನಿಮಗಿಲ್ಲ. ಆಮೇಲೆ ಎರಡನ್ನೂ ಹೆಸರಿಸುವ ಸೈಟ್‌ಮ್ಯಾಪ್ ಇಂಡೆಕ್ಸ್ ಒಂದನ್ನು ತಾಣದ ಒಡೆಯರಿಗಾಗಿ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಸಲ್ಲಿಸಬಹುದು.

ಉತ್ತರ 2

ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಇಂಡೆಕ್ಸ್‌ನ ಮಾತೊಂದನ್ನು ಬಿಟ್ಟು. ವರ್ಡ್‌ಪ್ರೆಸ್ ಕೊಡುವ ಸೈಟ್‌ಮ್ಯಾಪ್ ಸ್ವತಃ ಒಂದು ಇಂಡೆಕ್ಸ್ ಆಗಿದ್ದು, ಲೇಖನ, ಪುಟ, ವರ್ಗ, ಲೇಖಕರು ಎಂದು ಪ್ರತ್ಯೇಕ ಕಡತಗಳನ್ನು ಹೆಸರಿಸುತ್ತದೆ. ಇಂಡೆಕ್ಸ್‌ನೊಳಗೆ ಇನ್ನೊಂದು ಇಂಡೆಕ್ಸನ್ನು ಸೇರಿಸಲು ನಿಯಮದಲ್ಲಿ ಅವಕಾಶವಿಲ್ಲ. ಆದ್ದರಿಂದ ಮೂರನೆಯ ಕಡತದ ಗೊಡವೆಗೆ ಹೋಗದೆ, ಹುಡುಕುಯಂತ್ರಗಳಿಗೆ ಸೂಚನೆ ಕೊಡುವ ರೋಬಾಟ್ಸ್.ಟಿಎಕ್ಸ್‌ಟಿ ಕಡತದಲ್ಲಿ ಎರಡೂ ಸೈಟ್‌ಮ್ಯಾಪ್‌ಗಳ ಪೂರ್ಣ ವಿಳಾಸಗಳನ್ನು ಎರಡು ಸಾಲುಗಳಲ್ಲಿ ಬರೆಯಿರಿ. ಈ ಕಡತ ಡೊಮೇನ್‌ನ ಮೂಲದಲ್ಲಿದ್ದರೆ ಮಾತ್ರ ಮಾನ್ಯವಾಗುವುದರಿಂದ, ಉಪಫೋಲ್ಡರ್‌ನಲ್ಲಿರುವ ವರ್ಡ್‌ಪ್ರೆಸ್ ಆ ಸಾಲನ್ನು ತಾನಾಗಿ ಸೇರಿಸಲಾರದು, ನೀವೇ ಸೇರಿಸಬೇಕು. ಸೈಟ್‌ಮ್ಯಾಪ್‌ನಲ್ಲಿ ಪುಟದ ಆದ್ಯತೆ, ಬದಲಾವಣೆಯ ಆವರ್ತನ ಇವೆರಡನ್ನೂ ತುಂಬುತ್ತ ಕೂರಬೇಡಿ, ಗೂಗಲ್ ಅವನ್ನು ಪರಿಗಣಿಸುವುದಿಲ್ಲ. ಕೊನೆಯ ಬದಲಾವಣೆಯ ದಿನಾಂಕ ಮಾತ್ರ ನಿಜವಾಗಿರಲಿ.

ಉತ್ತರ 3

ಕನ್ನಡದ ತಲೆಬರಹವೇ ಲೇಖನದ ವಿಳಾಸವಾಗುತ್ತಿದ್ದರೆ ಅದನ್ನೂ ಈಗಲೇ ಗಮನಿಸಿ. ಯುನಿಕೋಡ್‌ನಲ್ಲಿ ಅಕ್ಷರ, ಸ್ವರಚಿಹ್ನೆ, ಒತ್ತಕ್ಷರಕ್ಕೆ ಬೇಕಾದ ಹಲಂತದ ಚಿಹ್ನೆ (್) ಎಲ್ಲವೂ ಬೇರೆ ಬೇರೆ ಸಂಕೇತಗಳಾಗಿದ್ದು, ವಿಳಾಸದಲ್ಲಿ ಒಂದೊಂದೂ 9 ಚಿಹ್ನೆಗಳಾಗಿ ಬಿಚ್ಚಿಕೊಳ್ಳುತ್ತದೆ. ‘ವೀರಗಲ್ಲು’ ಎಂಬ ಒಂದೇ ಪದ 72 ಚಿಹ್ನೆಗಳಾಗುತ್ತದೆ. ವರ್ಡ್‌ಪ್ರೆಸ್ ವಿಳಾಸದ ಈ ಭಾಗಕ್ಕೆ ಕೊಡುವ ಜಾಗ 200 ಚಿಹ್ನೆಗಳು ಮಾತ್ರವಾದ್ದರಿಂದ ಉದ್ದನೆಯ ತಲೆಬರಹ ನಡುವೆಯೇ ಕತ್ತರಿಸಿಹೋಗುತ್ತದೆ. ವಿಳಾಸಕ್ಕೆ ಎರಡು ಚಿಕ್ಕ ಪದಗಳನ್ನು ನೀವೇ ಆರಿಸಿ ಕೊಡುವುದು ಮೇಲು.

ಇನ್ನು, ಸೈಟ್‌ಮ್ಯಾಪ್ ಪುಟಗಳ ಇರುವಿಕೆಯನ್ನು ತಿಳಿಸುತ್ತದೆಯೇ ಹೊರತು ಅವು ಹುಡುಕಾಟದಲ್ಲಿ ಬರುವ ಖಾತರಿಯನ್ನು ಕೊಡುವುದಿಲ್ಲ. ನಿಮ್ಮ ತಾಣದಲ್ಲಿ ಪ್ರತಿ ಶಾಸನದ ಪುಟಕ್ಕೂ ಆಯಾ ಊರಿನ ಪುಟದಿಂದ ಕೊಂಡಿ ಇದೆಯೇ ಎಂದು ಮೊದಲು ನೋಡಿ. ಇಲ್ಲವಾದರೆ, ಆ ಶಾಸನದ ಬಗ್ಗೆ ಬರೆದ ಲೇಖನದಿಂದಲೂ ಊರಿನ ಪುಟದಿಂದಲೂ ಕೊಂಡಿ ಕೊಟ್ಟ ಮೇಲೆ ಸೈಟ್‌ಮ್ಯಾಪನ್ನು ಸಲ್ಲಿಸಿ.