ಪದಚರ್ಚೆ: ಹಳ್ಳಿಯಂಚಿನ ‘ಸೈಟ್’ ನಿವೇಶನವೇ? ‘ಅಪ್ ಟು 25’ ಎಂಬುದು ‘25ರವರೆಗೆ’ ಆದೀತೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿ ಸ್ಥಳೀಯ ಯೋಜನೆಗಳಿಗೆ (ಎಲ್ಲಿ ಏನು ಕಟ್ಟಬಹುದೆಂದು ಸ್ಥಳೀಯ ಆಡಳಿತವಾದ ಕೌನ್ಸಿಲ್ ರೂಪಿಸುವ ಯೋಜನೆಗಳಿಗೆ) ಸಲ್ಲುವ ಆಕ್ಷೇಪಣೆಗಳ ಬಗ್ಗೆ ಕನ್ನಡದಲ್ಲಿ ಒಂದು ಬರಹ ಸಿದ್ಧವಾಗುತ್ತಿದೆ. ಅದರಲ್ಲಿ ಬರುವ ಉದಾಹರಣೆ ಇದು: ಹಳ್ಳಿಯೊಂದಕ್ಕೆ ಅಂಟಿಕೊಂಡಿರುವ 2 ಹೆಕ್ಟೇರ್ ಹೊಲದಲ್ಲಿ ಸುಮಾರು 39 ಮನೆ ಕಟ್ಟಬಹುದೆಂದು ಕೌನ್ಸಿಲ್ ಮೊದಲ ಕರಡಿನಲ್ಲಿ ಬರೆದಿತ್ತು. ಎರಡನೆಯ ಕರಡಿನಲ್ಲಿ ಅದು ‘ಅಪ್ ಟು 25’ ಆಯಿತು. ಡೆವಲಪರ್ ಆಕ್ಷೇಪಿಸುತ್ತಾರೆ. ಈಗಿರುವ ಅನುವಾದ:

“ಗ್ರಾಮದ ನಿವೇಶನದಲ್ಲಿ ಹಂಚಿಕೆಯಾಗಿದ್ದ ಮನೆಗಳ ದಟ್ಟಣೆಯ ಇಳಿಕೆಗೆ ಅಭಿವೃದ್ಧಿದಾರರ ತಕರಾರು. ಸುಮಾರು 39 ಇದ್ದುದನ್ನು 25ರವರೆಗೆ ಇಳಿಸಿರುವುದು ಸಿಂಧುವಲ್ಲ.”

ನಿಘಂಟು ನೋಡಿದರೆ ಒಂದೊಂದು ಪದವೂ ಸರಿಯೇ. ಆದರೂ ಒಟ್ಟು ವಾಕ್ಯ ಬೇರೇನನ್ನೋ ಹೇಳುತ್ತಿರುವಂತೆ ಕಾಣುತ್ತದೆ. ಎಲ್ಲೆಲ್ಲಿ ತಪ್ಪಿದೆ, ದಯವಿಟ್ಟು ತಿಳಿಸಿ.

ಉತ್ತರ 1

ನಿಮ್ಮ ಅನುಮಾನ ಸರಿ. ಈ ವಾಕ್ಯವನ್ನು ತುಮಕೂರಿನಲ್ಲೋ ಹಾವೇರಿಯಲ್ಲೋ ಓದಿದವರು, ಪಂಚಾಯಿತಿಯವರು ಫಲಾನುಭವಿಗಳಿಗೆ ಮನೆ ಹಂಚಿದ್ದರು, ಈಗ ಪಟ್ಟಿಯಿಂದ ಹದಿನಾಲ್ಕು ಹೆಸರು ತೆಗೆದಿದ್ದಾರೆ ಎಂದು ತಿಳಿಯುತ್ತಾರೆ. ‘ನಿವೇಶನ’, ‘ಹಂಚಿಕೆ’ ಎರಡೂ ಒಟ್ಟಿಗೆ ಬಂದರೆ ನಮ್ಮಲ್ಲಿ ಬೇರೆ ಅರ್ಥವೇ ಹೊಳೆಯುವುದಿಲ್ಲ.

‘ನಿವೇಶನ’ ಎಂದರೆ ನಮಗೆ ಒಂದು ಮನೆಯ ಜಾಗ: 20×30, 30×40, 40×60. ಬಾಯಿಮಾತಿನ ‘ಸೈಟು’ ಕೂಡ ಅದೇ. ಇಂಗ್ಲೆಂಡಿನ ಯೋಜನೆಯಲ್ಲಿ ‘ಸೈಟ್’ ಎಂದರೆ ನಕ್ಷೆಯಲ್ಲಿ ಕೆಂಪುಗೆರೆ ಎಳೆದು ತೋರಿಸಿದ ಇಡೀ ತಾಕು. ನಿಮ್ಮ 2 ಹೆಕ್ಟೇರ್ ಎಂದರೆ ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ 4 ಎಕರೆ 38 ಗುಂಟೆ. ಅಷ್ಟು ಜಮೀನನ್ನು ‘ನಿವೇಶನ’ ಎಂದ ಮೇಲೆ ‘ನಿವೇಶನದಲ್ಲಿ 39 ಮನೆ’ ಎಂದರೆ ಒಂದೇ ಕಟ್ಟಡದ 39 ಫ್ಲಾಟ್ ಎಂದಾಗುತ್ತದೆ. ‘ಜಾಗ’ ಅಥವಾ ‘ತಾಕು’ ಸಾಕು. ಇಂಗ್ಲಿಷ್ ಪದ ಒಂದೇ ಎಂದು ‘ಸೈಟು’ ಬಳಸಿದರೂ ಇದೇ ಗೊಂದಲ ಮರಳಿ ಬರುತ್ತದೆ.

ನೀವು ‘ಹಂಚಿಕೆ’ ಎಂದಿರುವ ‘ಅಲೊಕೇಶನ್’ ಯಾರಿಗೂ ಏನನ್ನೂ ಹಂಚುವ ಕ್ರಿಯೆಯಲ್ಲ. ಜಮೀನು ಒಡೆಯರ ಕೈಯಲ್ಲೇ ಇರುತ್ತದೆ, ನಿರ್ಮಾಣಕ್ಕೆ ಅನುಮತಿಯನ್ನು ಬೇರೆಯಾಗಿ ಪಡೆಯಬೇಕು. ಇಲ್ಲಿ ಮನೆ ಕಟ್ಟುವುದಕ್ಕೆ ತತ್ತ್ವಶಃ ಒಪ್ಪಿಗೆ ಇದೆ ಎಂದು ಯೋಜನೆ ಹೇಳುತ್ತದೆ, ಅಷ್ಟೆ. ‘ವಸತಿಗೆ ಗುರುತಿಸಿದ ಜಾಗ’ ಎನ್ನಿ. ‘ಕಾಯ್ದಿರಿಸಿದ’ ಬೇಡ. ಅದು ಭೂಸ್ವಾಧೀನವನ್ನು ನೆನಪಿಗೆ ತರುತ್ತದೆ.

‘ಗ್ರಾಮ’ ನಮ್ಮ ಕಂದಾಯದ ಪದ. ಗಡಿಕಲ್ಲಿನಿಂದ ಗಡಿಕಲ್ಲಿನವರೆಗೆ ಹೊಲ, ಗೋಮಾಳ, ಕೆರೆ ಎಲ್ಲ ಅದರೊಳಗೇ. ಆಕ್ಷೇಪಣೆಯಲ್ಲಿ ‘ವಿಲೇಜ್’ ಎಂದಾಗ ಮನೆಗಳು ಕೂಡಿಕೊಂಡಿರುವ ಊರು ಮಾತ್ರ, ಅದರ ಸುತ್ತ ಯೋಜನೆ ಎಳೆದಿರುವ ಒಂದು ಗೆರೆ. ಜಾಗ ಆ ಗೆರೆಯ ಒಳಗಿದೆಯೋ ಹೊರಗಿದೆಯೋ ಎಂಬುದರ ಮೇಲೆ ವಾದ ನಿಲ್ಲುತ್ತದೆ. ಅದಕ್ಕೆ ‘ಊರಿನ ಎಲ್ಲೆ’ ಚೆನ್ನಾಗಿ ಹೊಂದುತ್ತದೆ. ‘ಗ್ರಾಮಠಾಣಾ’ ಎಂದು ಯಾರಾದರೂ ಸೂಚಿಸಬಹುದು, ಆದರೆ ಅದು ಭೂದಾಖಲೆಯ ಒಂದು ವರ್ಗ. ಇದು ನೀತಿಯ ಗೆರೆ, ಪ್ರತಿ ಯೋಜನೆಗೂ ಬದಲಾಗಬಹುದು.

‘ತಕರಾರು’ ಕೂಡ ಜಾರುತ್ತದೆ. ಖಾತೆ ಬದಲಾವಣೆಯ ನೋಟಿಸಿಗೆ ತಕರಾರು ಬಂದರೆ ಅದು ಹಕ್ಕಿನ ಜಗಳ, ಎದುರಿಗೆ ಇನ್ನೊಬ್ಬ ಹಕ್ಕುದಾರ ಇರುತ್ತಾನೆ. ಕರಡು ಯೋಜನೆಗೆ ಸಲ್ಲುವುದು ‘ಆಕ್ಷೇಪಣೆ’. ನಮ್ಮ ಮಹಾಯೋಜನೆಗಳ ಪ್ರಕಟಣೆಗಳೂ ‘ಆಕ್ಷೇಪಣೆ ಮತ್ತು ಸಲಹೆ’ ಎಂದೇ ಕರೆಯುತ್ತವೆ. ಇಂಗ್ಲೆಂಡಿನ ಸ್ಥಳೀಯ ಯೋಜನೆಗಳ 2012ರ ನಿಯಮಾವಳಿಯ 19ನೇ ನಿಯಮದ ಹಂತದಲ್ಲಿ ಕನಿಷ್ಠ 6 ವಾರ ಕಾಲ ಸ್ವೀಕರಿಸುವ ಬರಹಕ್ಕೆ ‘ರೆಪ್ರೆಸೆಂಟೇಶನ್’ ಎನ್ನುತ್ತಾರೆ. ಅದು ಬೆಂಬಲವೂ ಆಗಿರಬಹುದು, ವಿರೋಧವೂ ಆಗಿರಬಹುದು. ಎರಡಕ್ಕೂ ಸಲ್ಲುವಂತೆ ‘ಲಿಖಿತ ಅಭಿಪ್ರಾಯ’ ಎನ್ನಬಹುದು. ‘ಅಹವಾಲು’ ಎಂದರೆ ಕೈಮುಗಿದು ನಿಂತವರ ದನಿ ಬರುತ್ತದೆ. ಯೋಜನಾ ಸಲಹೆಗಾರರು, ವಕೀಲರು ಬರೆದುಕೊಟ್ಟ ದಾಖಲೆಗೆ ಆ ದನಿ ಒಪ್ಪುವುದಿಲ್ಲ.

‘ಸಿಂಧುವಲ್ಲ’ ಎಂಬುದನ್ನು ಖಂಡಿತ ತೆಗೆಯಬೇಕು. ಯೋಜನೆಯನ್ನು ಪರಿಶೀಲಿಸುವ ಇನ್ಸ್‌ಪೆಕ್ಟರ್ ಮುಂದೆ ಎರಡು ಬೇರೆ ಪ್ರಶ್ನೆಗಳಿರುತ್ತವೆ. ಯೋಜನೆಯನ್ನು ಕಾನೂನಿನ ಪ್ರಕಾರ ತಯಾರಿಸಿದ್ದಾರೆಯೇ ಎಂಬುದು ಒಂದು, ಅದಕ್ಕೆ ‘ಸಿಂಧು’ ಸಲ್ಲುತ್ತದೆ. ಯೋಜನೆ ‘ಸೌಂಡ್’ ಆಗಿದೆಯೇ ಎಂಬುದು ಇನ್ನೊಂದು, ಅದಕ್ಕೆ ರಾಷ್ಟ್ರೀಯ ಯೋಜನಾ ನೀತಿಯಲ್ಲಿ ನಾಲ್ಕು ಒರೆಗಲ್ಲುಗಳಿವೆ: ಅಗತ್ಯವನ್ನು ಪೂರೈಸುವ ದೃಷ್ಟಿಯಿಂದ ತಯಾರಾಗಿದೆಯೇ, ಆಧಾರಗಳ ಸಮರ್ಥನೆ ಇದೆಯೇ, ಜಾರಿಗೆ ತರಲು ಸಾಧ್ಯವೇ, ರಾಷ್ಟ್ರೀಯ ನೀತಿಗೆ ಹೊಂದುತ್ತದೆಯೇ. ಸಂಖ್ಯೆ ಕಡಿಮೆ ಮಾಡಿದ್ದರ ವಿರುದ್ಧದ ಆಕ್ಷೇಪಣೆ ಬಹುತೇಕ ಎರಡನೆಯ ಒರೆಗಲ್ಲಿನ ಮೇಲೆ ನಿಲ್ಲುತ್ತದೆ: 39ನ್ನು 25 ಮಾಡಲು ಹೊಸ ಆಧಾರ ಏನು ಸಿಕ್ಕಿತು? ಆದ್ದರಿಂದ ‘ಗಟ್ಟಿಯಾಗಿಲ್ಲ’ ಎನ್ನಿ. ಕಾನೂನಿನ ದೋಷವಿಲ್ಲದ ಯೋಜನೆಯೂ ಗಟ್ಟಿಯಾಗಿಲ್ಲದೆ ಇರಬಹುದು. ನಿಮ್ಮ ವಾಕ್ಯದಲ್ಲಿ ಆ ಸಾಧ್ಯತೆಗೆ ಜಾಗವೇ ಇಲ್ಲ.

‘ಅಭಿವೃದ್ಧಿದಾರ’ ಬದಲು ‘ಡೆವಲಪರ್’ ಇರಲಿ. ಅಲ್ಲಿನ 1990ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ‘ಡೆವಲಪ್‌ಮೆಂಟ್’ ಎಂದರೆ ಕಟ್ಟುವುದು, ಅಗೆಯುವುದು, ಬಳಕೆ ಬದಲಿಸುವುದು. ಒಳ್ಳೆಯದು ಕೆಟ್ಟದ್ದು ಎಂಬ ಮಾತಿಲ್ಲ. ಕನ್ನಡದ ‘ಅಭಿವೃದ್ಧಿ’ಯಲ್ಲಿ ಹೊಗಳಿಕೆ ಸೇರಿಕೊಂಡಿದೆ. ‘ಹಳ್ಳಿಗರು ಅಭಿವೃದ್ಧಿಯನ್ನು ವಿರೋಧಿಸಿದರು’ ಎಂದು ಬರೆದರೆ ಅವರಿಗೆ ಅನ್ಯಾಯ ಮಾಡಿದಂತೆ.

ಉತ್ತರ 2

ಮೇಲಿನದೆಲ್ಲ ಒಪ್ಪುತ್ತೇನೆ. ನನ್ನ ಕಾಳಜಿ ಸಂಖ್ಯೆಯ ಮಗ್ಗುಲಲ್ಲಿ ಕೂತಿರುವ ಪದಗಳ ಬಗ್ಗೆ. ಇಂಥ ಆಕ್ಷೇಪಣೆ ಬರೆಯುವವರು ‘ನಮಗೆ ಒಪ್ಪಿಗೆ ಇಲ್ಲ’ ಎಂದಷ್ಟೇ ಹೇಳಿ ನಿಲ್ಲುವಂತಿಲ್ಲ. ಯಾವ ನೀತಿಯ ಯಾವ ಪದವನ್ನು ಹೇಗೆ ತಿದ್ದಬೇಕು ಎಂದು ನಮೂನೆಯಲ್ಲಿ ಬರೆದು ತೋರಿಸಬೇಕು. ಆ ತಿದ್ದುಪಡಿ ಎಷ್ಟೋ ಸಲ ಒಂದೇ ಪದದ್ದು: ‘ಅಪ್ ಟು’ ಹೊಡೆದು ‘ಅಟ್ ಲೀಸ್ಟ್’ ಹಾಕಿ ಎಂಬುದು. ಅನುವಾದದಲ್ಲಿ ಆ ಪದ ಮಸುಕಾದರೆ ಆಕ್ಷೇಪಣೆಯಲ್ಲಿ ಉಳಿಯುವುದೇನು?

‘25ರವರೆಗೆ ಇಳಿಸಿದ್ದಾರೆ’ ಎಂಬುದನ್ನೇ ನೋಡಿ. ಇಳಿಯುತ್ತ ಇಳಿಯುತ್ತ 25ಕ್ಕೆ ಬಂದು ನಿಂತಿತು ಎಂಬ ಅರ್ಥ ಬರುತ್ತದೆ, 25 ನೆಲವಾಗುತ್ತದೆ. ಮೂಲದಲ್ಲಿ 25 ಸೂರು, ಅದರ ಮೇಲೆ ಒಂದು ಮನೆಯೂ ಕೂಡದು, ಕೆಳಗೆ ಎಷ್ಟಾದರೂ ಆಗಬಹುದು. ‘25ರೊಳಗೆ’ ಎಂದರೆ 25 ಸೇರಿತೋ ಬಿಟ್ಟಿತೋ ಎಂಬ ಪ್ರಶ್ನೆ ಏಳುತ್ತದೆ. ನಮ್ಮ ಶಾಸನಗಳ ಕನ್ನಡದಲ್ಲಿ ಇದಕ್ಕೆ ಪಳಗಿದ ಪದವಿದೆ: ‘25ಕ್ಕೆ ಮೀರದಂತೆ’. ಅದರ ಎದುರು ಪದ ‘39ಕ್ಕೆ ಕಡಿಮೆಯಿಲ್ಲದಂತೆ’ ಅಥವಾ ‘ಕನಿಷ್ಠ 39’.

‘ಸುಮಾರು’ ಕೂಡ ಸುಲಭದ ಪದವಲ್ಲ. ‘ಸುಮಾರು 39’ ಎಂದರೆ 39ರ ಆಚೀಚೆ, ಸರಿ. ಆದರೆ ಅಂಕಿ ತೆಗೆದು ‘ಸುಮಾರು ಮನೆಗಳು ಬರುತ್ತವೆ’ ಎಂದರೆ ‘ಬಹಳಷ್ಟು’ ಎಂದಾಗುತ್ತದೆ. ‘ಜಾಗ ಸುಮಾರಾಗಿದೆ’ ಎಂದರೆ ಅಷ್ಟೇನೂ ಚೆನ್ನಾಗಿಲ್ಲ. ‘ಹತ್ತಿರ ಹತ್ತಿರ 39’ ಎಂದರೆ 39 ಮುಟ್ಟಿಲ್ಲ. 41ಕ್ಕೆ ಯಾರೂ ಹಾಗೆನ್ನುವುದಿಲ್ಲ. ‘39ರ ಆಸುಪಾಸು’ ಎರಡೂ ಕಡೆಗೆ ಸಲ್ಲುತ್ತದೆ, ಆದರೆ ದಾಖಲೆಗೆ ಸ್ವಲ್ಪ ಸಡಿಲ. ಕೌನ್ಸಿಲ್ ನೆಲದ ಲೆಕ್ಕ ಹಾಕಿ ‘ಇಂಡಿಕೇಟಿವ್’ ಎಂದು ಕೊಟ್ಟ ಸಂಖ್ಯೆಗೆ ‘ಅಂದಾಜು’ ಸರಿಯಾದ ಪದ. ಅಂದಾಜಿನ ಹಿಂದೆ ಒಂದು ಲೆಕ್ಕವಿರುತ್ತದೆ, ಕೇಳಿದರೆ ತೋರಿಸಬೇಕಾಗುತ್ತದೆ. ‘ಸುಮಾರು’ ಎಂದವರಿಗೆ ಆ ಹೊಣೆ ಇಲ್ಲ. ಲೋಕೋಪಯೋಗಿ ಇಲಾಖೆಯ ‘ಅಂದಾಜುಪಟ್ಟಿ’ಯನ್ನು ‘ಸುಮಾರುಪಟ್ಟಿ’ ಎಂದು ಯಾರೂ ಕರೆಯದಿರುವುದು ಇದಕ್ಕಾಗಿಯೇ.

ಇನ್ನು ‘ದಟ್ಟಣೆ’. ಅದು ವಾಹನಕ್ಕೆ, ಜನಜಂಗುಳಿಗೆ. ಕೇಳಿದರೇ ಉಸಿರು ಕಟ್ಟುತ್ತದೆ. ಅಳತೆಗೆ ‘ಸಾಂದ್ರತೆ’. ಅದನ್ನೂ ಬರಿದಾಗಿ ಬಿಡಬೇಡಿ. ನಿಮ್ಮ ಉದಾಹರಣೆಯ ಅಂಕಿಗಳನ್ನೇ ಹಿಡಿದು ನೋಡೋಣ. 2 ಹೆಕ್ಟೇರ್‌ನಲ್ಲಿ ಅಂಚಿನ ಹಳೆಯ ಬೇಲಿಸಾಲು ಮತ್ತು ಅದರ ಪಕ್ಕ ಬಿಡುವ ಪಟ್ಟಿಗೆ 0.25, ಮಳೆನೀರು ತಡೆದು ನಿಧಾನಕ್ಕೆ ಬಿಡುವ ಹೊಂಡಕ್ಕೆ 0.20, ಆಟದ ಬಯಲಿಗೆ 0.25 ಹೋಯಿತು ಎನ್ನಿ. ಉಳಿದದ್ದು 1.3 ಹೆಕ್ಟೇರ್. ಹೆಕ್ಟೇರಿಗೆ 30ರಂತೆ 39 ಮನೆ. ಕೌನ್ಸಿಲ್‌ನ 25 ಮನೆಯನ್ನು ಇದೇ 1.3ರಿಂದ ಭಾಗಿಸಿದರೆ ಹೆಕ್ಟೇರಿಗೆ 19.2. ಈಗ ಡೆವಲಪರ್‌ನ 39ನ್ನು ಪೂರ್ತಿ 2 ಹೆಕ್ಟೇರ್‌ನಿಂದ ಭಾಗಿಸಿ: 19.5. ಸಾಂದ್ರತೆ ಯಾವ ನೆಲದ ಮೇಲಿನದು ಎಂದು ಹೇಳದೆ ಹೋದರೆ ಇಬ್ಬರ ಅಂಕಿಯೂ ಒಂದೇ ಎಂಬಂತೆ ಕಾಣುತ್ತದೆ, ಮನೆಗಳ ವ್ಯತ್ಯಾಸ 14 ಇದ್ದರೂ. ಅಂಕಿ ಸರಿಯಾಗಿದ್ದೂ ಅನುವಾದ ಸುಳ್ಳಾಗುವುದು ಹೀಗೆ.

ಈ ಎರಡು ನೆಲಕ್ಕೆ ಕನ್ನಡದಲ್ಲಿ ಪದ ಹುಡುಕುವ ಕಷ್ಟವೇ ಇಲ್ಲ. ಪಹಣಿಯ ಮೂರನೇ ಕಾಲಂ ನೋಡಿ: ಮೇಲೆ ‘ಒಟ್ಟು ವಿಸ್ತೀರ್ಣ’, ನಡುವೆ ಖರಾಬು (ಸಾಗುವಳಿಗೆ ಬಾರದ ನೆಲ), ಕೆಳಗೆ ‘ಉಳಿಕೆ’. ಗ್ರಾಸ್ ಎಂದರೆ ಒಟ್ಟು, ನೆಟ್ ಎಂದರೆ ಉಳಿಕೆ. ಹೊಲ ಇರುವ ಯಾವ ಮನೆಯಲ್ಲಿ ಈ ಪದ ಗೊತ್ತಿಲ್ಲ? ‘ನಿವ್ವಳ ಅಭಿವೃದ್ಧಿಯೋಗ್ಯ ಪ್ರದೇಶ’ಕ್ಕಿಂತ ‘ಉಳಿಕೆ ವಿಸ್ತೀರ್ಣ’ ಸಾವಿರ ಪಾಲು ಮೇಲು.

ಉತ್ತರ 3

‘ಉಳಿಕೆ’ ಒಳ್ಳೆಯ ಸಲಹೆ. ಆದರೆ ಆ ಕಾಲಮ್ಮಿನಿಂದ ‘ಖರಾಬು’ ಪದವನ್ನೂ ಎತ್ತಿಕೊಳ್ಳಬೇಡಿ. ‘ಬ’ ಖರಾಬು ಎಂದರೆ ದಾರಿ, ಹಳ್ಳದಂಥ ಸಾರ್ವಜನಿಕ ನೆಲ, ಅದು ಹಿಡುವಳಿದಾರನದಲ್ಲ. ಇಂಗ್ಲೆಂಡಿನ ಈ ಹೊಂಡ, ಬೇಲಿಸಾಲು ಯೋಜನೆಯ ಭಾಗ, ಕಟ್ಟುವವರೇ ಮಾಡಿಕೊಡಬೇಕಾದವು. ಅವಕ್ಕೆ ‘ಕಳೆಯುವ ನೆಲ’ ಎಂದರೆ ಸಾಕು.

ಕಳೆಯುವ ನೆಲ ಏಕೆ ಬೆಳೆಯುತ್ತದೆ ಎಂಬುದನ್ನೂ ಬರಹದಲ್ಲಿ ಹೇಳುವುದು ಒಳ್ಳೆಯದು. ಜೀವವೈವಿಧ್ಯವನ್ನು ಮೊದಲಿದ್ದುದಕ್ಕಿಂತ ಶೇ 10ರಷ್ಟು ಹೆಚ್ಚಿಸಿಕೊಡಬೇಕೆಂಬ ನಿಯಮ ಇಂಗ್ಲೆಂಡಿನಲ್ಲಿ ದೊಡ್ಡ ಯೋಜನೆಗಳಿಗೆ 2024ರ ಫೆಬ್ರುವರಿ 12ರಿಂದ ಕಡ್ಡಾಯವಾಗಿದೆ. 10 ಅಥವಾ ಹೆಚ್ಚು ಮನೆಗಳಿದ್ದರೆ ಅದು ದೊಡ್ಡ ಯೋಜನೆಯೇ. ಜೊತೆಗೆ ಪಕ್ಕದಲ್ಲಿ ಹಳೆಯ ಚರ್ಚು ಅಥವಾ ಸಂರಕ್ಷಿತ ಕಟ್ಟಡವಿದ್ದರೆ ಅದರ ನೋಟಕ್ಕೆ ಅಡ್ಡ ಬರದಂತೆ ಜಾಗ ಬಿಡಬೇಕು. ಹಳ್ಳಿಯ ಕಿರಿದಾದ ರಸ್ತೆಗೆ ಹೊಸ ದಾರಿ ಕೂಡುವಲ್ಲಿ ಎರಡೂ ಬದಿಯ ವಾಹನ ಕಾಣುವಂತೆ ತೆರವಿರಬೇಕು. ಕೌನ್ಸಿಲ್ ಸಂಖ್ಯೆ ಇಳಿಸುವುದು ಸಾಮಾನ್ಯವಾಗಿ ಇವುಗಳಲ್ಲಿ ಯಾವುದಾದರೂ ಒಂದನ್ನು ಮುಂದಿಟ್ಟು. ಅದಕ್ಕೆ ಡೆವಲಪರ್ ಕೊಡುವ ಉತ್ತರ ಮಾತಿನದ್ದಲ್ಲ, ನಕ್ಷೆಯದು: ಈ ಎಲ್ಲವನ್ನೂ ಬಿಟ್ಟ ಮೇಲೂ ಉಳಿಕೆಯಲ್ಲಿ 39 ಮನೆ ಹೇಗೆ ಹಿಡಿಸುತ್ತವೆ ಎಂದು ಮನೆ, ರಸ್ತೆ, ಹೊಂಡ ಸಮೇತ ಬರೆದು ತೋರಿಸುತ್ತಾರೆ. ‘ಕೆಪ್ಯಾಸಿಟಿ’ಗೆ ‘ಧಾರಣಾ ಸಾಮರ್ಥ್ಯ’ ಎಂದು ಹಾಕುವ ಬದಲು ‘ಹಿಡಿಸು’ ಕ್ರಿಯಾಪದವನ್ನೇ ಬಳಸಿ. ‘ಈ ಜಾಗಕ್ಕೆ ಎಷ್ಟು ಮನೆ ಹಿಡಿಸುತ್ತವೆ’ ಎಂದು ಕೇಳಿದರೆ ಎಲ್ಲರಿಗೂ ಅರ್ಥವಾಗುತ್ತದೆ.

ಡೆವಲಪರ್‌ನ ಇನ್ನೊಂದು ವಾದ ಖರ್ಚಿನದು. ದಾರಿ ಕೂಡಿಸುವುದು, ವಿದ್ಯುತ್ ಸಂಪರ್ಕ, ಚರಂಡಿ, ಇವು ಮನೆ ಕಡಿಮೆಯಾದಷ್ಟೇ ಕಡಿಮೆಯಾಗುವುದಿಲ್ಲ; ಪ್ರತಿ ಮನೆಯ ಮೇಲೆ ಹೊರೆ ಏರುತ್ತದೆ. ಕೈಗೆಟುಕುವ ದರದ ಮನೆಗಳ ಪಾಲು ಶೇ 40 ಎಂದಿಟ್ಟುಕೊಂಡರೆ 39ರಲ್ಲಿ 15 ಅಥವಾ 16 ಬರುತ್ತಿದ್ದವು, 25ರಲ್ಲಿ 10 ಮಾತ್ರ. ಇಲ್ಲಿ ‘ಇಳಿಕೆ’ ಅಥವಾ ‘ಕಡಿತ’ ಎಂಬ ಆಯ್ಕೆ ಬರುತ್ತದೆ. ‘ಇಳಿಕೆ’ ತಾನಾಗಿ ಆಗುವಂಥದು, ಬೆಲೆ ಇಳಿಕೆಯಂತೆ. ‘ಕಡಿತ’ ಎಂದರೆ ಯಾರೋ ಕತ್ತರಿಸಿದ್ದಾರೆ, ಸಂಬಳ ಕಡಿತದಂತೆ. ಕೌನ್ಸಿಲ್ ತನ್ನ ದಾಖಲೆಯಲ್ಲಿ ‘ಪರಿಷ್ಕರಣೆ’ ಎನ್ನುತ್ತದೆ. ನೀವು ಅನುವಾದಿಸುತ್ತಿರುವುದು ಡೆವಲಪರ್‌ನ ಮಾತನ್ನು. ಆದ್ದರಿಂದ ‘ಕಡಿತ’ ಇರಲಿ. ಕೌನ್ಸಿಲ್‌ನ ಉತ್ತರವನ್ನು ಅನುವಾದಿಸುವಾಗ ಅದೇ ಪದವನ್ನು ಅವರ ಬಾಯಿಗೆ ಹಾಕಬೇಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. ತಿದ್ದಿದ ರೂಪ:

“ಊರಿನಂಚಿನಲ್ಲಿ ವಸತಿಗೆ ಗುರುತಿಸಿದ ಜಾಗದ ಮನೆಗಳ ಸಂಖ್ಯೆಯಲ್ಲಿ ಮಾಡಿರುವ ಕಡಿತಕ್ಕೆ ಡೆವಲಪರ್ ಆಕ್ಷೇಪಣೆ. ಮೊದಲ ಕರಡಿನಲ್ಲಿ ‘ಅಂದಾಜು 39 ಮನೆ’ ಎಂದಿದ್ದುದನ್ನು ಎರಡನೆಯ ಕರಡಿನಲ್ಲಿ ‘25ಕ್ಕೆ ಮೀರದಂತೆ’ ಎಂದು ಬದಲಿಸಲಾಗಿದೆ. ಉಳಿಕೆ ವಿಸ್ತೀರ್ಣ 1.3 ಹೆಕ್ಟೇರ್, ಹೆಕ್ಟೇರಿಗೆ 30ರಂತೆ 39 ಮನೆ ಹಿಡಿಸುತ್ತವೆ. ಕಡಿತಕ್ಕೆ ಹೊಸ ಆಧಾರ ಕೊಟ್ಟಿಲ್ಲವಾದ್ದರಿಂದ ಈ ನೀತಿ ಗಟ್ಟಿಯಾಗಿಲ್ಲ. ‘25ಕ್ಕೆ ಮೀರದಂತೆ’ ಎಂಬುದನ್ನು ತೆಗೆದು ‘ಕನಿಷ್ಠ 39’ ಎಂದು ಸೇರಿಸಬೇಕು.”

ಉತ್ತರ 2 ಬರೆದವರಿಂದ

ಚೆನ್ನಾಗಿದೆ. ಒಂದೇ ತಿದ್ದುಪಡಿ: ಮೊದಲ ಕರಡಿನ ಮೂಲದಲ್ಲಿ ‘ಅಪ್ರಾಕ್ಸಿಮೇಟ್ಲಿ’ ಇದ್ದರೆ ‘ಸುಮಾರು 39’ ಎಂದೇ ಉಳಿಸಿ, ‘ಇಂಡಿಕೇಟಿವ್’ ಇದ್ದರೆ ಮಾತ್ರ ‘ಅಂದಾಜು’. ನಿಮ್ಮ ಪ್ರಶ್ನೆಯಲ್ಲಿ ‘ಸುಮಾರು’ ಎಂದಿತ್ತು. ಮೂಲವನ್ನು ಇನ್ನೊಮ್ಮೆ ತೆರೆದು ನೋಡಿ.