ವಿಭಾಗಗಳ ಕ್ರಮ ಬದಲಿಸಲು ಬಾಣವೋ, ಸಂಖ್ಯೆಯೋ, ಎಳೆಯುವುದೋ?

ಇಳಕಲ್, ಸೀರೆ ಅಂಗಡಿ: ನಮ್ಮ ಆನ್‌ಲೈನ್ ಮಾರಾಟದ ನಿರ್ವಹಣಾ ತಂತ್ರಾಂಶದಲ್ಲಿ ಟೋಪ್ ತೆನಿ, ಕಸೂತಿ, ಗಾಡಿ ದಡಿ, ಗುಳೇದಗುಡ್ಡದ ಖಣ ಎಂದು ನಲವತ್ತಕ್ಕೂ ಹೆಚ್ಚು ವಿಭಾಗಗಳಿವೆ. ಪಂಚಮಿ ಬಂತೆಂದರೆ ಖಣವನ್ನು ಮೇಲಕ್ಕೆ ತರಬೇಕು. ಬಾಣದ ಗುಂಡಿ ಒಮ್ಮೆ ಒತ್ತಿದರೆ ಒಂದೇ ಮೆಟ್ಟಿಲು, ಪ್ರತಿ ಸಲವೂ ಪುಟ ಹೊಸದಾಗಿ ತೆರೆಯುತ್ತದೆ. ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ಬೆಳಗಾವಿ, ಮಿಠಾಯಿ ಅಂಗಡಿ: ಸಂಖ್ಯೆಯೇ ಸರಿ ಸಾಹೇಬರೇ. ಪ್ರತಿ ವಿಭಾಗಕ್ಕೂ 10, 20, 30 ಎಂದು ಅಂತರ ಬಿಟ್ಟು ಕ್ರಮಸಂಖ್ಯೆ ಕೊಡಿ, ನಡುವೆ ಹೊಸದು ಬಂದರೆ 15. ನಮ್ಮಲ್ಲಿ ಕುಂದಾ 10, ಕರದಂಟು 20. ತಂತ್ರಾಂಶ ಮಾಡಿದವನು ಆ ಖಾನೆಯನ್ನು ಅಂಕಿಯದ್ದೆನ್ನದೆ ಅಕ್ಷರದ್ದೆಂದು ಇಟ್ಟುಬಿಟ್ಟಿದ್ದ. ಅಕ್ಷರವೆಂದರೆ ಮೊದಲ ಅಂಕಿಯಿಂದಲೇ ಹೋಲಿಕೆ, 1 ಬಂದ ಮೇಲೇ 2. ಹಾಗಾಗಿ 100 ಎಂದು ಕೊಟ್ಟ ಫರಸಾಣ ಹೋಗಿ 20ರ ಕರದಂಟಿನ ಮೇಲೆ ಕುಳಿತಿತು. ತಿದ್ದಲು 6,000 ರೂಪಾಯಿ, ಅದರ ಮೇಲೆ ಶೇ. 18ರ ಜಿಎಸ್‌ಟಿ 1,080. ಕೊಟ್ಟೆ. ಮುಂದಿನ ಅಪ್‌ಡೇಟ್ ಆದಾಗ ಎಲ್ಲ ಸಂಖ್ಯೆಗಳೂ ಸೊನ್ನೆ, ಅದೂ ದೀಪಾವಳಿಯ ವಾರದಲ್ಲಿ! ಫೋನ್ ಮಾಡಿದರೆ, ವಾರ್ಷಿಕ ನಿರ್ವಹಣೆಯಲ್ಲಿ ಇದು ಬರುವುದಿಲ್ಲ ಎಂದ. ಈಗ ಸಂಖ್ಯೆಗಳ ಪಟ್ಟಿಯನ್ನು ಗಲ್ಲಾದ ಮುಚ್ಚಳದ ಒಳಗೆ ಅಂಟಿಸಿದ್ದೇನೆ. ಆದರೂ ಸಂಖ್ಯೆಯೇ ಸರಿ.

ವಿಜಯಪುರ, ಒಣದ್ರಾಕ್ಷಿ ವ್ಯಾಪಾರ: ಚೀಟಿ ಅಂಟಿಸಿಕೊಳ್ಳುವುದಾದರೆ ತಂತ್ರಾಂಶ ಏಕೆ ಬೇಕು? ನಾನು 14,000 ಕೊಟ್ಟು ಮೌಸಿನಿಂದ ಎಳೆದು ಬಿಡುವಂತೆ ಮಾಡಿಸಿಕೊಂಡೆ. ಕಂಪ್ಯೂಟರಿನಲ್ಲಿ ನೀರು ಕುಡಿದಷ್ಟು ಸಲೀಸು. ಮೊಬೈಲಿನಲ್ಲಿ ಮಾತ್ರ ಬೆರಳಿಟ್ಟು ಎಳೆದರೆ ಸಾಲು ಕದಲುತ್ತಿರಲಿಲ್ಲ, ಪುಟವೇ ಸರಿಯುತ್ತಿತ್ತು. ಬೆರಳಿಗೆ ಬೇರೆ ಕೋಡ್ ಬೇಕಂತೆ, ಅದಕ್ಕೆ ಮತ್ತೆ 3,500. ಸಾಲಿನ ಎಡತುದಿಯಲ್ಲಿ ಆರು ಚುಕ್ಕಿಗಳ ಹಿಡಿಕೆ ಇಟ್ಟರು, ಅದನ್ನು ಹಿಡಿದರಷ್ಟೇ ಸಾಲು ಕದಲುತ್ತದೆ. ಒಟ್ಟು 17,500. ಒಂದು ಪೈಸೆಯೂ ದಂಡವಾಗಿಲ್ಲ.

ಬಾಗಲಕೋಟೆ, ಕಾಲೇಜು ಗ್ರಂಥಾಲಯ: ನಿಮ್ಮ ಹಣ ದಂಡವಾಗಿರಲಿಕ್ಕಿಲ್ಲ ಅಣ್ಣಾವರೇ, ನನ್ನ ಮಣಿಕಟ್ಟನ್ನು ಕೇಳಿ. ಉದ್ದನೆಯ ಪಟ್ಟಿಯ ತಳದಿಂದ ತುದಿಯವರೆಗೆ ಮೌಸಿನ ಗುಂಡಿ ಒತ್ತಿಹಿಡಿದೇ ಎಳೆಯಬೇಕು. ನಡುವೆ ಬೆರಳು ಸಡಿಲಾದರೆ ‘ಕಾನೂನು’ ಹೋಗಿ ‘ಕೃಷಿ’ಯ ಉಪವಿಭಾಗವಾಗುತ್ತದೆ. ಸಹೋದ್ಯೋಗಿಯೂ ಅದೇ ಹೊತ್ತಿಗೆ ತೆರೆದಿದ್ದರಂತೂ ಕೊನೆಗೆ ಉಳಿಸಿದವರದೇ ಕ್ರಮ. ಬೆಳಗಿನ ನನ್ನ ಕೆಲಸವೆಲ್ಲ ಮಾಯ.

ಬೆಳಗಾವಿ, ತಂತ್ರಾಂಶ ಬರೆಯುವವನು: ‘ಚಿಕ್ಕ ಬದಲಾವಣೆ’ ಎಂಬ ಮಾತು ಕೇಳಿ ಕೇಳಿ ಸಾಕಾಗಿದೆ. ಎಳೆಯುವ ಕಡೆಯಲ್ಲೆಲ್ಲ ಎಳೆಯದೆ ಮಾಡುವ ದಾರಿಯೂ ಇರಬೇಕೆಂದು 2023ರ ಅಕ್ಟೋಬರಿನಲ್ಲಿ ಬಂದ ಡಬ್ಲ್ಯುಸಿಎಜಿ 2.2, ಅಂದರೆ ಅಂಗವಿಕಲರಿಗೂ ಜಾಲತಾಣ ಬಳಸಲು ಬರುವಂತೆ ಮಾಡುವ ಮಾರ್ಗಸೂಚಿ, ಹೇಳುತ್ತದೆ. ಹಾಗಾಗಿ ಪ್ರತಿ ಸಾಲಿಗೂ ‘ಇದರ ಮೇಲೆ ಇಡು’ ಎಂಬ ಆಯ್ಕೆ ಕೊಟ್ಟೆ. ಯಾವುದರ ಮೇಲೆ ಎಂದು ಆರಿಸಿದರೆ ಮುಗಿಯಿತು, ಪೂರ್ತಿ ಕ್ರಮ ಒಂದೇ ಸಲಕ್ಕೆ ಉಳಿಯುತ್ತದೆ, ಒಳಗಿನ 10, 20, 30 ತಾವಾಗಿಯೇ ಹೊಂದಿಕೊಳ್ಳುತ್ತವೆ. ಗಿರಾಕಿ ನೋಡಿ, ‘ಎಳೆಯಲು ಬರುವುದಿಲ್ಲವೇ?’ ಎಂದು ಕೇಳಿ ಅರ್ಧ ಹಣ ಹಿಡಿದುಕೊಂಡ. ಇನ್ನೂ ಕೊಟ್ಟಿಲ್ಲ.

ಬೆಳಗಾವಿ, ಮಿಠಾಯಿ ಅಂಗಡಿ: ನನ್ನ 6,000 ತೆಗೆದುಕೊಂಡವರು ನೀವೇ ಅಲ್ಲವಷ್ಟೇ?

ಬೆಳಗಾವಿ, ತಂತ್ರಾಂಶ ಬರೆಯುವವನು: ಅಂಕಿಯನ್ನು ಅಕ್ಷರದ ಖಾನೆಗೆ ತುರುಕುವವನಲ್ಲ ನಾನು. ಹುಡುಕಿ ಅಗ್ಗದವನನ್ನು ಹಿಡಿದಿರಿ, ಅನುಭವಿಸಿ.

ಅಮೀನಗಡದವನು: ಅದಿರಲಿ, ಆ 20ರ ಕರದಂಟಿನೊಳಗೆ ಅಮೀನಗಡದ್ದು ಎಷ್ಟನೆಯದು?

ಬೆಳಗಾವಿ, ಮಿಠಾಯಿ ಅಂಗಡಿ: ಗೋಕಾಕದ್ದು 21, ನಿಮ್ಮದು 22. ನಮ್ಮ ಜಿಲ್ಲೆ, ನಮ್ಮ ಕ್ರಮ.

ಅಮೀನಗಡದವನು: ತಿಂದು ನೋಡಿ ಸಂಖ್ಯೆ ಕೊಟ್ಟಿರೋ, ಜಿಲ್ಲೆ ನೋಡಿಯೋ?

ವಿಜಯಪುರ, ಒಣದ್ರಾಕ್ಷಿ ವ್ಯಾಪಾರ: ಎಳೆಯುವ ಸೌಲಭ್ಯವಿದ್ದಿದ್ದರೆ ಅಮೀನಗಡ ಇಷ್ಟು ಹೊತ್ತಿಗೆ ಮೇಲೆ ಬಂದಿರುತ್ತಿತ್ತು.

ಬೆಳಗಾವಿ, ಮಿಠಾಯಿ ಅಂಗಡಿ: ಅದಕ್ಕೇ ಎಳೆಯುವುದು ಬೇಡ ಎನ್ನುವುದು.